ತಾಳೆಯಾಗದ ಅಧ್ಯಾಯ

ಕಾರ್ಖಾನೆಯ ಹಣಕಾಸು ವಿಭಾಗದಲ್ಲಿ ತಲೆ ನರೆಯುವವರೆಗೆ ಕೂತು, ಎದುರಿಗೆ ಬಂದ ಕಾಗದವನ್ನೆಲ್ಲ ಅನುಮಾನದಿಂದ ನೋಡಿ, "ಇದಕ್ಕೂ ಅದಕ್ಕೂ ತಾಳೆ ಆಗ್ತಿಲ್ಲವಲ್ಲ" ಎನ್ನುತ್ತಲೇ ಆಯುಸ್ಸು ಕಳೆದ ಮನುಷ್ಯನಿಗೆ ತಾಳೆ ಸಾಹೇಬರು ಎನ್ನದೆ ಇನ್ನೇನನ್ನಬೇಕು? ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಇಲ್ಲವೆಂದಲ್ಲ. ಸಂಬಳದ ಚೀಟಿ ಬಿಟ್ಟರೆ ಅದು ಇನ್ನೆಲ್ಲೂ ಬಳಕೆಯಾಗಲಿಲ್ಲ. ಮನೆಯಲ್ಲಿ ಹೆಂಡತಿಗೆ ಸಿಟ್ಟು ಬಂದರೂ ಬೈಗುಳ "ಏನ್ರೀ ತಾಳೆ ಸಾಹೇಬ್ರೇ" ಎಂದೇ ಶುರುವಾಗುತ್ತಿತ್ತು.

ಅವರ ಆಡಿಟ್ ಕೆಲಸದಲ್ಲಿ ಎರಡು ವರಸೆ ಇದ್ದವು. ಒಂದು, ಹಸಿರು ಪೆನ್ಸಿಲ್. ಸರಿಯಿದೆ ಎನಿಸಿದ ಸಾಲಿನ ಪಕ್ಕ ಸಣ್ಣದೊಂದು ಹಸಿರು ಗೀಟು ಬೀಳುತ್ತಿತ್ತು. ಗೀಟು ಬೀಳದ ಸಾಲಿನವರಿಗೆ ಅವತ್ತು ಊಟ ಸೇರುತ್ತಿರಲಿಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ಕೊನೆಯ ವರದಿಗೆ ಮೊದಲು ಸಂಬಂಧಪಟ್ಟವರನ್ನು ಎದುರಿಗೆ ಕೂರಿಸಿಕೊಂಡು, ತಾಳೆಯಾಗದ್ದನ್ನು ಓದಿ ಹೇಳಿ, ಆಮೇಲೆ ತುಟಿ ಹೊಲಿದುಕೊಂಡು ಕೂತುಬಿಡುವುದು. ಪ್ರಶ್ನೆ ಕೇಳಿದ ಮೇಲೆ ಎದುರಿನವರಿಗೆ ನೆರವಾಗುವ ಮಾತು ಆಡಬಾರದು ಎಂದು ಅವರಿಗೆ ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದರು. ಆ ಮೌನ ತಡೆಯಲಾರದೆ ಎಂಥವನೂ ನಿಜ ಕಕ್ಕುತ್ತಾನಂತೆ. ಕಾರ್ಖಾನೆಯ ಮಟ್ಟಿಗೆ ಅದು ಸುಳ್ಳಲ್ಲ.

ಇಂಥ ಮನುಷ್ಯನ ಹೊಟ್ಟೆಯೊಳಗೆ ಒಬ್ಬ ಕಥೆಗಾರ ಇದ್ದ ಎಂದರೆ ಯಾರು ನಂಬುತ್ತಾರೆ? ಇದ್ದ. ಕಾಲೇಜಿನ ದಿನಗಳಲ್ಲಿ ಅವರ ಒಂದೆರಡು ಕಥೆ ವಾರಪತ್ರಿಕೆಯಲ್ಲಿ ಬಂದಿದ್ದವು. ಅಷ್ಟರಲ್ಲಿ ತಂದೆ ತೀರಿಕೊಂಡರು, ತಂಗಿಯರು ಚಿಕ್ಕವರು, ಸಿಕ್ಕಿದ ನೌಕರಿಗೆ ಕತ್ತು ಕೊಟ್ಟರು. ಬರೆಯುವುದು ಆಮೇಲೆ ಎಂದುಕೊಂಡರು. ಈ ಆಮೇಲೆ ಎನ್ನುವುದು ಎಂಥ ಮೋಸಗಾರ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಪಕ್ಕದ ಮೇಜಿನವರ ನಿವೃತ್ತಿಯ ದಿನ ಅದು ಅವರಿಗೂ ತಟ್ಟಿತು. ಬೀಳ್ಕೊಡುಗೆಯಲ್ಲಿ ಎದ್ದು ನಿಂತವರೆಲ್ಲ ಒಂದೇ ಮಾತು ಹೇಳಿದರು: ಇವರು ರಜೆಯನ್ನೇ ಹಾಕಿದವರಲ್ಲ. ಒಂದಿಡೀ ಬದುಕಿನ ಬಗ್ಗೆ ಹೇಳಲು ಅವರಿಗೆ ಬೇರೇನೂ ಹೊಳೆಯಲಿಲ್ಲ. ಸಾಹೇಬರು ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ, ನನ್ನ ಬಗ್ಗೆಯೂ ಇದನ್ನೇ ಹೇಳುತ್ತಾರೆ ಎಂದು ಹೆಂಡತಿಯ ಮುಂದೆ ಕೂತರು. ಆಕೆ ಶಾಲೆಯ ಟೀಚರು, ಮಕ್ಕಳ ಮುಖ ನೋಡಿಯೇ ಜ್ವರ ಹೇಳುವವರು. "ಬಿಡೋದಾದ್ರೆ ಬಿಡಿ, ನನ್ನ ಸಂಬಳ ಇದೆ. ಆದರೆ ಮನೇಲಿ ಕೂತು ನನ್ನ ಅಡುಗೆಗೆ ಹಸಿರು ಗೀಟು ಎಳೀಬೇಡಿ" ಎಂದರು.

ಬಿಟ್ಟರು. ಆಫೀಸಿನವರು ಮೂಗು ಮುರಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಕ್ಯಾಂಟೀನಿನಲ್ಲಿ ಆಡಿಕೊಂಡು ನಕ್ಕರು. ಸಾಹೇಬರು ಕಿವಿಗೆ ಹಾಕಿಕೊಳ್ಳದೆ ಕಾದಂಬರಿಗೆ ಕೂತರು. ಕಿಟಕಿಯ ಪಕ್ಕ ಮೇಜು ಹಾಕಿಸಿಕೊಂಡು, ಬೆಳಗಿನ ಟೀ ಆದ ಮೇಲೆ ಶುರು, ಹೆಂಡತಿ ಶಾಲೆಯಿಂದ ಬರುವವರೆಗೆ ಬರಹ. ಮುಗಿಸಿಯೂ ಮುಗಿಸಿದರು. ಹೆಂಡತಿ ಎರಡು ಭಾನುವಾರ ಕೂತು ಓದಿದರು. ಕೊನೆಯ ಹಾಳೆ ಮಡಿಸಿಟ್ಟು, ಹೇಗೆ ಹೇಳುವುದೆಂದು ತಿಳಿಯದೆ ಕನ್ನಡಕ ಒರೆಸಿದರು.

"ಎಲ್ಲಾ ಸರಿಯಾಗಿದೆ ರೀ. ಒಂದೂ ತಪ್ಪಿಲ್ಲ. ಆದರೆ ಇಷ್ಟು ಜನ ಇದ್ದಾರಲ್ಲ, ಇದರಲ್ಲಿ ಯಾರಿಗೂ ಅಳು ಬರಲ್ಲ."

ಸಾಹೇಬರು ಕಾದಂಬರಿಯನ್ನು ಹಳೆಯ ಟ್ರಂಕಿನಲ್ಲಿಟ್ಟರು. ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಇಷ್ಟು ವರ್ಷ ಕಾದು ಇಟ್ಟುಕೊಂಡ ಆಸೆ, ತೆಗೆದು ನೋಡಿದರೆ ಒಣಗಿಹೋಗಿದೆ. ಯಾರನ್ನು ಬೈಯುವುದು?

ಕೈ ಹಿಡಿದವರು ಪ್ರೆಸ್ಸಿನವರು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವರದೊಂದು ಹಳೆಯ ಮುದ್ರಣಾಲಯ. ಆಹ್ವಾನ ಪತ್ರ, ಕರಪತ್ರ, ಆಗೊಂದು ಈಗೊಂದು ಪುಸ್ತಕ. ಬಾಳೆಲ್ಲ ದುಡಿದು ನಿವೃತ್ತರಾದವರು ತಮ್ಮ ಕಥೆಯನ್ನು ಅಚ್ಚು ಹಾಕಿಸಲು ಬರುತ್ತಾರೆ, ಬರೆದದ್ದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ, ನೀವು ಕೂತು ನೇರ ಮಾಡಿಕೊಡಿ ಎಂದರು. ಪ್ರೆಸ್ಸಿನ ಮೇಲೆ ಕಾಗದದ ಬಂಡಲು ಇಡುತ್ತಿದ್ದ ಕೋಣೆ ಖಾಲಿ ಮಾಡಿಸಿದರು. "ಪುಸ್ತಕ ಬರೆಯುವವರಿಗೆ ನೆರವು" ಎಂದು ಬೋರ್ಡೂ ಬಂತು. ಕೆಳಗೆ ಯಂತ್ರ ಓಡಿದಾಗಲೆಲ್ಲ ಮೇಲೆ ಟೀ ಲೋಟ ಗಡಗಡ ಎನ್ನುತ್ತಿತ್ತು.

ಜನ ಬಂದರು. ಪದ್ಯ ಬರೆಯುವ ಪೊಲೀಸು ಬಂದ. ಪ್ರಯಾಣಿಕರ ಜಗಳಗಳನ್ನೇ ಬರೆದ ಕಂಡಕ್ಟರು ಬಂದ. ತಾಳೆ ನೋಡುವ ಬುದ್ಧಿ ಇಲ್ಲಿ ಉಪಯೋಗಕ್ಕೆ ಬಿತ್ತು. ಮೊದಲ ಪುಟದಲ್ಲಿ ಒಬ್ಬಳೇ ತಂಗಿ ಇದ್ದವನಿಗೆ ಹತ್ತನೇ ಪುಟದಲ್ಲಿ ಇನ್ನೊಬ್ಬಳು ಹುಟ್ಟಿಕೊಂಡರೆ ಸಾಹೇಬರ ಪೆನ್ಸಿಲ್ಲು ಅಲ್ಲೇ ನಿಲ್ಲುತ್ತಿತ್ತು. ಬರೆದವರು ತಲೆ ಕೆರೆದುಕೊಂಡು, ಅಯ್ಯೋ ಅವಳು ಚಿಕ್ಕಪ್ಪನ ಮಗಳು ಸಾರ್, ಎಂದು ನಗುತ್ತಿದ್ದರು. ತನಗೆ ಬರೆಯಲು ಬಾರದಿದ್ದರೂ ಬರೆಯುವವರಿಗೆ ಹೆಗಲಾಗಬಹುದು ಎಂದು ಸಾಹೇಬರಿಗೆ ಸಮಾಧಾನವಾಗತೊಡಗಿತು.

ಆಗ ಬಂದವರು ನರ್ಸಮ್ಮ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಎಪ್ಪತ್ತು ದಾಟಿದ ಮುದುಕಿ. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಮದುವೆಯಾಗದೆ ತಾಯಿಯ ಜೊತೆಗೇ ಉಳಿದವಳು. ನರ್ಸಮ್ಮ ಕೂತವರೇ ಕೋಣೆಯನ್ನೆಲ್ಲ ಕಣ್ಣಾಡಿಸಿ ನೋಡಿ, ಇಷ್ಟು ಧೂಳಿನಲ್ಲಿ ಮಗು ಹುಟ್ಟಿದರೂ ಸೀನುತ್ತೆ, ಪುಸ್ತಕ ಹುಟ್ಟುತ್ತಾ ಎಂದರು. ಸಾಹೇಬರಿಗೆ ಅವರು ಅಲ್ಲೇ ಇಷ್ಟವಾಗಿಬಿಟ್ಟರು.

ಮಗಳಿಗಾಗಿ ಬರೆಯುತ್ತಿದ್ದೇನೆ ಎಂದರು ನರ್ಸಮ್ಮ. ಇವಳಿಗೆ ಅಪ್ಪನ ನೆನಪಿಲ್ಲ, ನಾನು ಹೋದರೆ ಇವಳಿಗೆ ಹೇಳುವವರು ಯಾರೂ ಉಳಿಯುವುದಿಲ್ಲ ಎಂದರು. ಅಷ್ಟೇ ಅವರ ಆಸೆ. ಹೆಸರು ಬೇಡ, ಹಾರ ಬೇಡ, ಒಂದು ಪುಸ್ತಕ ಮಗಳ ಕೈಗೆ ಬರಬೇಕು.

ಅವರ ಬರಹ ರೋಗಿಯ ಮಂಚಕ್ಕೆ ತಗುಲಿಸುವ ಚಾರ್ಟಿನಂತಿತ್ತು. ನೋವು ಶುರು. ನೀರು ಕುಡಿಸಿದೆ. ಗಂಡು ಮಗು. ತಾಯಿ ಉಳಿಯಲಿಲ್ಲ. ಅಷ್ಟೇ. ಸಾಹೇಬರು ಒಂದು ದಿನ, ತಾಯಿ ಉಳಿಯಲಿಲ್ಲ ಅಂತ ಬರೆದಿದ್ದೀರಲ್ಲ, ಆಗ ನಿಮಗೆ ಏನನ್ನಿಸಿತು ಎಂದು ಕೇಳಿದರು.

"ಅನ್ನಿಸೋಕೆ ಪುರುಸೊತ್ತು ಎಲ್ಲಿತ್ತಪ್ಪ? ಪಕ್ಕದ ಮಂಚದಲ್ಲಿ ಇನ್ನೊಬ್ಬಳು ಕಿರುಚ್ತಿದ್ಲು."

ಸಾಹೇಬರು ಅದನ್ನು ಹಾಗೇ ಬರೆದುಕೊಂಡರು. ಮನೆಗೆ ಹೋಗಿ ಹೆಂಡತಿಗೂ ಓದಿ ಹೇಳಿದರು. ಆಕೆ ಸುಮ್ಮನೆ ತರಕಾರಿ ಹೆಚ್ಚುತ್ತಿದ್ದವರು ಕೈ ನಿಲ್ಲಿಸಿದರು. ಇದನ್ನು ಬಿಡಬೇಡಿ ಎಂದರು.

ಹೀಗೆ ವಾರಕ್ಕೊಮ್ಮೆ ಹಾಳೆಗಳು ಬರುತ್ತಾ ಹೋದವು. ಗಂಡ ತೀರಿಕೊಂಡ ಅಧ್ಯಾಯವೂ ಬಂತು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು, ಗಾಳಿಮಳೆಯ ಮರುದಿನ ಕಂಬ ಹತ್ತಿದವರು ಜೀವಂತ ಇಳಿಯಲಿಲ್ಲ. ಮಗುವಿಗೆ ಇನ್ನೂ ಹಲ್ಲು ಬಂದಿರಲಿಲ್ಲ ಎಂದು ನರ್ಸಮ್ಮ ಬರೆದಿದ್ದರು. ಸಾಹೇಬರು ಅದನ್ನು ಓದಿ ಕಣ್ಣೊರೆಸಿಕೊಂಡೇ ಹಸಿರು ಗೀಟು ಎಳೆದರು.

ಕೆಲವು ವಾರ ಕಳೆದ ಮೇಲೆ ಇನ್ನೊಂದು ಅಧ್ಯಾಯ ಬಂತು, ಮಗಳು ಶಾಲೆಗೆ ಸೇರಿದ ಮೊದಲ ದಿನದ್ದು. ಚಾರ್ಟಿನ ಭಾಷೆ ಬಿಟ್ಟು ನರ್ಸಮ್ಮ ಮೊದಲ ಸಲ ಮನಸ್ಸು ಬಿಚ್ಚಿ ಬರೆದಿದ್ದರು. ಮಗುವನ್ನು ಅದರ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹೋದರಂತೆ. ಮಗು ಅವರ ಕೂದಲನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತಂತೆ. ಬಿಟ್ಟು ವಾಪಸು ಬಂದವರು ಬಾಗಿಲಲ್ಲೇ ನಿಂತು, "ಅವಳು ಅಳಲಿಲ್ಲ ಕಣೇ, ನಾನೇ ಅತ್ತೆ" ಎಂದರಂತೆ.

ಸಾಹೇಬರ ಪೆನ್ಸಿಲ್ಲು ನಿಂತಿತು. ಹಲ್ಲು ಬರುವ ಮೊದಲೇ ಹೋದ ಅಪ್ಪ ಶಾಲೆಗೆ ಹೇಗೆ ಬಿಟ್ಟು ಬರುತ್ತಾನೆ? ಹಿಂದಿನ ಹಾಳೆಗಳನ್ನು ತೆಗೆದು ನೋಡಿದರು. ನೋಡಿದಷ್ಟೂ ಸಿಕ್ಕಿತು. ವಾರ್ಡಿನ ಕಿಟಕಿ ಒಂದು ಪುಟದಲ್ಲಿ ರಸ್ತೆಗೆ, ಇನ್ನೊಂದು ಪುಟದಲ್ಲಿ ಗೋಡೆಗೆ. ನರ್ಸಮ್ಮನ ಅಣ್ಣ ಒಮ್ಮೆ ಟೈಲರು, ಒಮ್ಮೆ ಬಡಗಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ. ಇದಕ್ಕೆ ಬೇರೆ ಕಾರಣ ಇರಬಹುದು, ಮಗಳನ್ನು ಒಮ್ಮೆ ಪಕ್ಕಕ್ಕೆ ಕರೆದು ಕೇಳೋಣ ಎಂದು ಆ ದೊಡ್ಡ ತಲೆಗೆ ಹೊಳೆಯಲೇ ಇಲ್ಲ. ಸಂಬಂಧಪಟ್ಟವರನ್ನು ಎದುರಿಗೆ ಕೂರಿಸಿ ಕೇಳಬೇಕು, ಅದೇ ಕ್ರಮ ಎಂದುಕೊಂಡರು.

ಮುಂದಿನ ವಾರ ತಾಯಿ ಮಗಳು ಬಂದು ಕೂತರು. ಸಾಹೇಬರು ಮೆತ್ತಗೇ ಮಾತಾಡಿದರು, ಅದಕ್ಕೇನೂ ಕೊರತೆ ಮಾಡಲಿಲ್ಲ. ಒಂದೊಂದನ್ನೇ ಓದಿ ಹೇಳಿದರು. ಕೊನೆಗೆ, ನಿಮ್ಮ ಯಜಮಾನರು ಮಗುವಿಗೆ ಹಲ್ಲು ಬರುವ ಮೊದಲೇ ತೀರಿಕೊಂಡರು ಅಂತ ಇಲ್ಲಿದೆ, ಇಲ್ಲಿ ಅವರೇ ಶಾಲೆಗೆ ಬಿಟ್ಟು ಬಂದರು ಅಂತ ಇದೆ, ಯಾವುದು ಸರಿ ಅಮ್ಮ, ಎಂದು ಕೇಳಿ ಸುಮ್ಮನಾದರು. ಕಾಯುತ್ತಾ ಕೂತರು.

ಮಗಳ ಮುಖ ಬಿಳಿಚಿಕೊಂಡಿತು. ಬೇಡ ಎನ್ನುವಂತೆ ಕೈ ಎತ್ತಿದಳು. ಸಾಹೇಬರು ನೋಡಲಿಲ್ಲ, ಅವರ ಕಣ್ಣು ಉತ್ತರ ಹೇಳಬೇಕಾದವರ ಮೇಲಿತ್ತು. ಕೆಳಗೆ ಯಂತ್ರವೂ ನಿಂತಿತ್ತು. ನರ್ಸಮ್ಮ ಒಂದು ಹಾಳೆ ನೋಡಿದರು, ಇನ್ನೊಂದು ಹಾಳೆ ನೋಡಿದರು. ಮೊದಲು ನಗಲು ಹೋದರು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರು.

"ಎರಡೂ ನನ್ನ ಅಕ್ಷರವೇ" ಎಂದರು. "ಯಾವುದು ಆಗಿದ್ದು ಅಂತ ನನಗೆ ಗೊತ್ತಾಗ್ತಿಲ್ಲ." ಮಗಳ ಕಡೆ ತಿರುಗಿದರು. "ನನಗೆ ಏನಾಗಿದೆ? ನಿನಗೆ ಗೊತ್ತಿತ್ತಾ?"

ಮಗಳು ತಲೆ ತಗ್ಗಿಸಿದಳು. ಅಷ್ಟು ಸಾಕಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹೇಬರಿಗೆ ಆಗ ಎಲ್ಲ ಅರ್ಥವಾಯಿತು. ಏನು ಹೇಳಿದರೂ ಹಿಂದಕ್ಕೆ ತೆಗೆಯಲಾಗದ ಜಾಗ ಅದು.

ಮಗಳು ಆಮೇಲೆ ಒಬ್ಬಳೇ ಬಂದು ಹೇಳಿದಳು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಸ್ವಂತ ಬೀದಿಯಲ್ಲಿ ಮನೆ ಹುಡುಕುವುದು ಇಲ್ಲಿಗೆ ಬರುವ ಮೊದಲೇ ಶುರುವಾಗಿತ್ತು. ಮರೆವಿನ ರೋಗ, ವಾಸಿಯಾಗುವುದಲ್ಲ ಎಂದು ಡಾಕ್ಟರು ಮಗಳಿಗಷ್ಟೇ ಹೇಳಿದ್ದರು. ನೆನಪು ಉಳಿದಿರುವಾಗಲೇ ಬರೆಸಿಬಿಡೋಣ ಎಂದು ಅವಳು ಇಲ್ಲಿಗೆ ಕರೆತಂದಿದ್ದು. ಮೊದಲೇ ಹೇಳಿದರೆ ನೀವು ಒಪ್ಪುವುದಿಲ್ಲವೇನೋ ಎಂದು ಹೆದರಿದೆ ಸಾರ್ ಎಂದಳು. ಶಾಲೆಗೆ ಬಿಟ್ಟು ಬಂದವರು ಸೋದರಮಾವ, ಸೈಕಲ್ಲಿನ ಮೇಲೆ. ಅದು ಅವಳಿಗೆ ಚೆನ್ನಾಗಿ ನೆನಪಿತ್ತು. ಸಾಹೇಬರನ್ನು ಅವಳು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವರಿಗೆ ಹಗುರವಾಗುತ್ತಿತ್ತು.

ಆವತ್ತಿನಿಂದ ನರ್ಸಮ್ಮ ಪೆನ್ನು ಮುಟ್ಟಲಿಲ್ಲ. ಮಗಳು ಕಾಗದ ಮುಂದಿಟ್ಟರೆ ದೂರ ತಳ್ಳುತ್ತಿದ್ದರು. ಬರೆಯದಿದ್ದರೆ ಹೋಗಲಿ, ಬಾಯಲ್ಲಿ ಹೇಳಮ್ಮ ಎಂದರೆ ಒಂದೇ ಮಾತು: "ತಪ್ಪಾದ್ರೆ?" ವಾರ್ಡಿನಲ್ಲಿ ಅಷ್ಟೊಂದು ಜೀವಗಳನ್ನು ಕೈಯಲ್ಲಿ ಹಿಡಿದವರು ಈಗ ಸ್ವಂತ ಮಾತನ್ನು ಹಿಡಿಯಲು ಹೆದರುತ್ತಿದ್ದರು. ಇರುವುದೂ ಕರಗುತ್ತಿದೆ ಸಾರ್, ಸುಮ್ಮನೆ ಕೂತರೆ ಇನ್ನೂ ಬೇಗ ಕರಗುತ್ತೆ ಎಂದು ಮಗಳು ಅತ್ತಳು.

ಸಾಹೇಬರು ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಹೋಗಿ ಕಾಲು ಹಿಡಿದುಕೊಳ್ಳುತ್ತೇನೆ ಎಂದರು. ಹೆಂಡತಿ, ನೀವು ಕ್ಷಮೆ ಕೇಳಿದರೆ ನಿಮಗೆ ನಿದ್ದೆ ಬರುತ್ತೆ, ಅವರಿಗೆ ಏನು ಬರುತ್ತೆ ಎಂದು ಕೇಳಿದರು. ಆ ಪ್ರಶ್ನೆಯನ್ನು ಹೊತ್ತುಕೊಂಡು ಸಾಹೇಬರು ಊರೆಲ್ಲ ನಡೆದರು.

ಮರುದಿನ ಮಧ್ಯಾಹ್ನ ನರ್ಸಮ್ಮನ ಮನೆಗೆ ಹೋದರು. ಒಂದು ಕೋಣೆ, ಒಂದು ಅಡುಗೆಮನೆ. ನರ್ಸಮ್ಮ ಮಂಚದ ತುದಿಯಲ್ಲಿ ಕೂತು, ಮಡಿಸಿದ ಟವೆಲ್ಲನ್ನೇ ಬಿಚ್ಚಿ ಬಿಚ್ಚಿ ಮಡಿಸುತ್ತಿದ್ದರು. ಇವರನ್ನು ಕಂಡದ್ದೇ ಗೋಡೆಯ ಕಡೆ ತಿರುಗಿದರು. ಸಾಹೇಬರು ನೆಲದ ಮೇಲೆ ಕೂತರು. ಬಾಳಿನಲ್ಲಿ ಒಂದು ತಪ್ಪು ಅಂಕಿಗೂ ಗೀಟು ಹಾಕದ ಮನುಷ್ಯ, ಹಸಿಹಸಿ ಸುಳ್ಳು ಹೇಳಿದರು.

"ಅಮ್ಮ, ಅವತ್ತು ತಪ್ಪು ನನ್ನದೇ. ಕನ್ನಡಕ ಹಳೇದಾಗಿದೆ, ಹಾಳೆ ಅದಲುಬದಲು ಮಾಡ್ಕೊಂಡು ಏನೇನೋ ಓದಿಬಿಟ್ಟೆ. ಆಮೇಲೆ ನೋಡಿದರೆ ನಿಮ್ಮದೆಲ್ಲ ಸರಿಯಾಗೇ ಇದೆ. ಎಲ್ಲಾ ತಾಳೆ ಆಗಿದೆ."

ನರ್ಸಮ್ಮ ನಿಧಾನಕ್ಕೆ ಈ ಕಡೆ ತಿರುಗಿದರು. ಅವರ ಮುಖವನ್ನು ಬಹಳ ಹೊತ್ತು ನೋಡಿದರು. ನಂಬಿದರೋ, ಈ ಬಡಪಾಯಿಯ ಮೇಲೆ ಕನಿಕರ ಬಂದು ನಂಬಿದಂತೆ ಮಾಡಿದರೋ, ಯಾರು ಬಲ್ಲರು!

"ನಿನ್ನಂಥವನನ್ನ ನನ್ನ ವಾರ್ಡಲ್ಲಿ ಬಿಟ್ಟಿದ್ರೆ ಮಕ್ಕಳನ್ನೇ ಅದಲುಬದಲು ಮಾಡ್ತಿದ್ದ" ಎಂದರು. ಮಗಳು ಅಡುಗೆಮನೆಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

ಅಂದಿನಿಂದ ನರ್ಸಮ್ಮ ಮತ್ತೆ ಹೇಳತೊಡಗಿದರು, ಸಾಹೇಬರು ಬರೆದುಕೊಳ್ಳತೊಡಗಿದರು. ಮಾತು ಮುರಿದು ಮುರಿದು ಬರುತ್ತಿತ್ತು. ಹೇಳಿದ್ದನ್ನೇ ಹೇಳುತ್ತಿದ್ದರು, ಬೇರೆ ಥರ ಹೇಳುತ್ತಿದ್ದರು. ಸಾಹೇಬರು ಹೂಂ ಎನ್ನುತ್ತಾ ಎಲ್ಲವನ್ನೂ ಬರೆದರು, ಹಸಿರು ಪೆನ್ಸಿಲ್ಲನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದರು. ಒಂದು ದಿನ ನರ್ಸಮ್ಮ ಅರ್ಧ ವಾಕ್ಯಕ್ಕೆ ನಿಂತರು. ಕಿಟಕಿ ನೋಡುತ್ತಾ ಕೂತುಬಿಟ್ಟರು. ಆ ವಾಕ್ಯ ಮುಗಿಯಲೇ ಇಲ್ಲ.

ಇದ್ದಷ್ಟನ್ನೇ ಪುಸ್ತಕ ಮಾಡಬೇಕಾಯಿತು. ಶಾಲೆಯ ಮೊದಲ ದಿನದ ಅಧ್ಯಾಯ ಕೈಗೆ ಬಂದಾಗ ಸಾಹೇಬರು ಮಗಳನ್ನು ಕರೆದು ಕೇಳಿದರು. ನಡೆಯದ್ದನ್ನು ನಡೆದದ್ದರ ಪಕ್ಕ ಹೇಗಮ್ಮ ಇಡುವುದು, ಓದಿದವರು ಏನಂದಾರು ಎಂದರು. ಅವಳು ಆ ಹಾಳೆಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು.

"ಇರಲಿ ಸಾರ್. ನನ್ನಪ್ಪ ನನ್ನನ್ನ ಎತ್ತಿಕೊಂಡಿರೋದು ಇದೊಂದು ಕಡೆ ಮಾತ್ರ."

ಆದರೂ ಸಾಹೇಬರಿಗೆ ಮನಸ್ಸು ಒಪ್ಪದು. ಒಂದು ವಾರ ಹಾಳೆಗಳನ್ನು ಮನೆಯಲ್ಲೇ ಇಟ್ಟುಕೊಂಡು ಚಡಪಡಿಸಿದರು. ಕೊನೆಗೆ ಹೆಂಡತಿಯೇ, ನಿಮ್ಮ ಕಾದಂಬರಿಯಲ್ಲಿ ಎಲ್ಲಾ ತಾಳೆ ಆಗಿತ್ತಲ್ಲ, ಅದು ಟ್ರಂಕಿನಲ್ಲಿದೆ, ಎಂದರು. ಕುಟುಕಲು ಹೇಳಿದ್ದಲ್ಲ. ಹೇಳುವಾಗ ಗಂಡನ ತಲೆಯ ಮೇಲೆ ಕೈಯಿಟ್ಟಿದ್ದರು. ಸಾಹೇಬರು ಎದ್ದು ಹೋಗಿ ಅಧ್ಯಾಯವನ್ನು ಒಂದಕ್ಷರ ತಿದ್ದದೆ ಪ್ರೆಸ್ಸಿಗೆ ಕೊಟ್ಟು ಬಂದರು.

ಪುಸ್ತಕ ಬರುವ ಹೊತ್ತಿಗೆ ನರ್ಸಮ್ಮನಿಗೆ ಮಗಳ ಗುರುತೂ ಆಗೊಮ್ಮೆ ಈಗೊಮ್ಮೆ ಸಿಕ್ಕರೆ ಸಿಕ್ಕಿತು. ಸಾಹೇಬರು ಶಾಯಿಯ ವಾಸನೆ ಇನ್ನೂ ಹೋಗದ ಪ್ರತಿಯನ್ನು ತಂದು ಅವರ ಕೈಗಿಟ್ಟರು. ಮುಖಪುಟದ ಮೇಲಿನ ಅವರದೇ ಹೆಸರನ್ನು ನರ್ಸಮ್ಮ ಬೆರಳಿನಿಂದ ಸವರಿ, ಚೆನ್ನಾಗಿದೆ, ಯಾರದು ಎಂದು ಕೇಳಿದರು. ಮಗಳು ಟೀ ಮಾಡುತ್ತೇನೆ ಎಂದು ಒಳಗೆ ಹೋದಳು.

ಸಾಹೇಬರಿಗೆ ಏನು ಮಾಡುವುದೆಂದು ತೋಚಲಿಲ್ಲ. ಓದಿ ಹೇಳಲಾ ಅಮ್ಮ ಎಂದರು. ತೆರೆದರೆ ಲೈನ್‌ಮನ್ನಿನ ಸಾವಿನ ಪುಟ ಸಿಕ್ಕಿತು. "ಕಂಬದ ಹತ್ತಿರ ಓಡಿದೆ. ಅವರನ್ನು ಕೆಳಗಿಳಿಸಿ ಮಲಗಿಸಿದ್ದರು. ನಾಡಿ ನೋಡಿದೆ. ಮತ್ತೆ ನೋಡಿದೆ. ಮಗು ಹೆಗಲ ಮೇಲೆ ನಿದ್ದೆ ಮಾಡುತ್ತಿತ್ತು. ಎಬ್ಬಿಸಲಿಲ್ಲ." ಓದುವುದನ್ನು ನಿಲ್ಲಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಲೆ ಎತ್ತಿದರೆ ನರ್ಸಮ್ಮ ಮುಂದಕ್ಕೆ ಬಾಗಿ ಇವರನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಹಳೆಯ ಅಭ್ಯಾಸದಂತೆ ಅವರ ಬೆರಳುಗಳು ಸಾಹೇಬರ ಮಣಿಕಟ್ಟನ್ನು ಹುಡುಕಿ ನಾಡಿಯ ಮೇಲೆ ಕೂತವು.

"ಇಷ್ಟೆಲ್ಲಾ ನಿನಗೆ ಆಯ್ತಾ ಮಗಾ?"

ಕೇಳಿ ಸುಮ್ಮನಾದರು. ಕಾಯುತ್ತಾ ಕೂತರು. ಸಾಹೇಬರಿಗೆ ಆ ಮೌನ ಎಂಥದೆಂದು ಗೊತ್ತಿತ್ತು, ಈ ಕಡೆ ಕೂತು ನೋಡಿದ್ದು ಇದೇ ಮೊದಲು.

"ಹೌದಮ್ಮ" ಎಂದರು.

"ಪಾಪ. ಆ ಮಗು? ಅದೇನಾಯ್ತು?"

"ಚೆನ್ನಾಗಿ ಬೆಳೀತಮ್ಮ. ಶಾಲೆಗೆ ಬಿಟ್ಟ ಮೊದಲ ದಿನ ಅಳಲೇ ಇಲ್ಲ." ಮುಂದಿನ ಮಾತು ಅವರ ಬಾಯಿಗೆ ತಾನಾಗಿ ಬಂತು. "ನಾನೇ ಅತ್ತೆ."

ನರ್ಸಮ್ಮ ಅವರ ಕೈಯನ್ನು ಬಿಡಲಿಲ್ಲ. ಅತ್ತರೆ ತಪ್ಪೇನಿಲ್ಲ ಎಂದು ಬೆನ್ನು ಸವರಿದರು. ಸಾಹೇಬರು ಆ ಮುದುಕಿಯ ಮಡಿಲಿಗೆ ತಲೆ ಕೊಟ್ಟು ಬಿಕ್ಕಿ ಬಿಕ್ಕಿ ಅತ್ತರು. ಅಡುಗೆಮನೆಯ ಬಾಗಿಲಲ್ಲಿ ಮಗಳು ಟೀ ಲೋಟಗಳನ್ನು ಹಿಡಿದುಕೊಂಡು ನಿಂತೇ ಇದ್ದಳು.